ಗೋರಿಯ ಮೇಲಿನ ಮಳೆ ಹೂ

ಸೂಸಮ್ಮನಿಗೆ ಈ ಲೋಕದಲ್ಲಿ ನಂಬಿಕೆ ಇದ್ದದ್ದು ಎರಡರ ಮೇಲೆ ಮಾತ್ರ. ಒಂದು ದೇವಮಾತೆಯ ಮೇಲೆ, ಇನ್ನೊಂದು ತನ್ನ ಮೂಗಿನ ಮೇಲೆ. ಹಾಲಿನವಳು ಬಂದರೆ ಉಗುರಿನ ಮೇಲೆ ಒಂದು ತೊಟ್ಟು ಬಿಟ್ಟುಕೊಂಡು, ಜಾರುತ್ತದೋ ನಿಲ್ಲುತ್ತದೋ ನೋಡಿ, ಸಾಲದೆಂದು ಒಮ್ಮೆ ಮೂಸಿಯೂ ನೋಡಿ ಆಮೇಲೆ ಪಾತ್ರೆ ಒಡ್ಡುವಳು. ಅಗಸ ತಂದ ಸೀರೆಯನ್ನು ಬಿಡಿಸಿ ಬೆಳಕಿಗೆ ಹಿಡಿದು, ನಡುವೆ ಇನ್ಯಾರಾದರೂ ಉಟ್ಟಿದ್ದಾರೆಯೇ ಎಂದು ಪರೀಕ್ಷೆ ಮಾಡುವಳು. ಇಂಥವಳ ಜೊತೆ ಸವರಿಮುತ್ತು ತನ್ನ ಅರ್ಧ ಆಯುಷ್ಯ ಸಂಸಾರ ಮಾಡಿದ, ಒಮ್ಮೆಯೂ ದನಿ ಏರಿಸಲಿಲ್ಲ ಎಂದರೆ ಆ ಮನುಷ್ಯನ ತಾಳ್ಮೆ ಎಷ್ಟೆಂದು ನೀವೇ ಲೆಕ್ಕ ಹಾಕಿಕೊಳ್ಳಿ.

ಸವರಿಮುತ್ತು ನಜರಬಾದಿನ ಕಡೆ ಒಬ್ಬ ಇಂಗ್ಲಿಷ್ ದೊರೆಯ ಬಂಗಲೆಯಲ್ಲಿ ತೋಟದ ಮಾಲಿಯಾಗಿದ್ದ. ಮಕ್ಕಳಿರಲಿಲ್ಲ. ಇನ್‌ಫ್ಲುಯೆಂಜಾ ಮೈಸೂರನ್ನು ಗುಡಿಸಿಕೊಂಡು ಹೋದ ವರ್ಷ ಜ್ವರ ಬಂದೂ ಬದುಕಿಕೊಂಡ ಗಟ್ಟಿ ಜೀವ ಅದು. ಅದಾಗಿ ಎರಡು ಮೂರು ವರ್ಷಕ್ಕೆ, ಚಳಿಗಾಲ ಮುಗಿಯುತ್ತ ಬಂದಾಗ, ಬೆಳಗ್ಗೆ ಎದೆ ನೋವು ಎಂದವನು ಮಧ್ಯಾಹ್ನದ ಹೊತ್ತಿಗೆ ಇರಲಿಲ್ಲ. ಸೂಸಮ್ಮ ಅತ್ತಳು, ನಿಜವಾಗಿಯೇ ಅತ್ತಳು. ಆದರೆ ಅಳುವಿನ ನಡುವೆಯೂ ಒಂದು ಹಳೆಯ ಮುನಿಸು ಕುಟುಕುತ್ತಲೇ ಇತ್ತು. ಊರಿನವರ ತೋಟಕ್ಕೆಲ್ಲ ನೀರು ಹೊಯ್ದ ಗಂಡ ತನ್ನ ಹಿತ್ತಲಿನಲ್ಲಿ ಒಂದು ಹೂಗಿಡ ಹಾಕಲಿಲ್ಲವಲ್ಲ ಎಂದು. ಮಾಲಿಯ ಹೆಂಡತಿಯಾಗಿಯೂ ಆಕೆ ಹೂವನ್ನು ಕೊಂಡೇ ಮುಡಿಯಬೇಕಾಗಿತ್ತು.

ಮಣ್ಣು ಮಾಡಿ ತಿಂಗಳಾಗುವಷ್ಟರಲ್ಲಿ ಗೋರಿಯ ದಿಬ್ಬ ಕುಸಿದು ಸಪಾಟಾಯಿತು. ತಿಂಗಳ ಪೂಜೆಗೆ ಮುಂಚೆ ದಿಬ್ಬ ಏರಿಸಬೇಕು, ಸತ್ತವನ ಮನೆಯ ಮಣ್ಣನ್ನೇ ಅದಕ್ಕೆ ಹಾಕಬೇಕು ಎಂಬುದು ಅವರ ಬೀದಿಯ ಕ್ರಿಸ್ತುವರಲ್ಲಿ ನಡೆದುಬಂದ ವಾಡಿಕೆ. ಕೂಲಿಯವನಿಗೆ ಹೇಳಿದರೆ ದಾರಿಯ ಮಣ್ಣನ್ನೇ ತುಂಬಿ ಮನೆಯದೆಂದು ಸುರಿದಾನು ಎಂಬ ಗುಮಾನಿ ಸೂಸಮ್ಮನಿಗೆ. ಆದ್ದರಿಂದ ತಾನೇ ಅಡಿಗೆಮನೆಯ ಹಿಂದೆ, ಸೌದೆ ಒಟ್ಟಿದ್ದ ಮೂಲೆಯ ಪಕ್ಕ, ಮಣ್ಣು ಮೆತ್ತಗಿದ್ದ ಕಡೆ ಅಗೆದು ಮಂಕರಿಗೆ ತುಂಬಿಕೊಂಡು, ತಲೆಯ ಮೇಲೆ ಹೊತ್ತು, ಬನ್ನಿಮಂಟಪದ ಕಡೆಯ ಹೊಲಗಳಾಚೆ ಇದ್ದ ಸ್ಮಶಾನಕ್ಕೆ ಹೋಗಿ ಸುರಿದು ಬಂದಳು. ಸ್ಮಶಾನದ ಕಾವಲುಗಾರ ಚಾಮಯ್ಯ ಅದನ್ನು ಗುದ್ದಲಿಯಿಂದ ಒಪ್ಪ ಮಾಡಿದ.

ಯೇಸು ಮತ್ತೆ ಎದ್ದುಬಂದ ಪಾಸ್ಕ ಹಬ್ಬ ಕಳೆದ ಮೇಲೆ ಮೊದಲ ಮಳೆ ಬಂತು. ಗುಡುಗು ಸಿಡಿಲಿನ ಮಾವಿನ ಮಳೆ. ಮುಂದಿನ ಭಾನುವಾರ ಪೂಜೆ ಮುಗಿಸಿಕೊಂಡು ಪಕ್ಕದ ಮನೆಯ ಜ್ಞಾನಮ್ಮನ ಜೊತೆ ಗೋರಿಗೆ ಹೋದ ಸೂಸಮ್ಮ ನಿಂತಲ್ಲೇ ನಿಂತಳು. ದಿಬ್ಬದ ತುಂಬ ಹೂ. ತಿಳಿಗುಲಾಬಿ ಬಣ್ಣದ, ಆರು ಎಸಳಿನ, ಗೇಣುದ್ದ ತೆಳು ದಂಟಿನ ಹೂ. ಎಲೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ಯಾರೋ ಅದೇ ಬೆಳಗ್ಗೆ ತಂದು ಒಂದೊಂದಾಗಿ ಚುಚ್ಚಿಟ್ಟಿದ್ದಾರೆ ಎನ್ನುವಂತೆ ನೆಟ್ಟಗೆ ನಿಂತಿದ್ದವು. ಸುತ್ತಲಿನ ಯಾವ ಗೋರಿಯ ಮೇಲೂ ಒಂದು ಹುಲ್ಲುಕಡ್ಡಿಯಿಲ್ಲ.

"ಯಾರಕ್ಕಾ ನೆಟ್ಟಿದ್ದು?" ಎಂದಳು ಜ್ಞಾನಮ್ಮ.

"ನಾನೂ ಅದನ್ನೇ ಕೇಳ್ತಿದೀನಿ, ಯಾರು ನೆಟ್ಟಿದ್ದು?"

ಜ್ಞಾನಮ್ಮ ಬಗ್ಗಿ ಒಂದು ಹೂವನ್ನು ಮುಟ್ಟಿ ನೋಡಿದಳು. "ಇದು ನಮ್ ಕಡೆ ಹೂವಲ್ಲ ಕಣಕ್ಕ. ಬಂಗ್ಲೆ ಹೂವು ಇದು. ಯಾರೋ ಬೇಕಾದವರೇ ನೆಟ್ಟವ್ರೆ ಬುಡು."

ಬೇಕಾದವರು! ಜ್ಞಾನಮ್ಮ ಆ ಮಾತನ್ನು ಆಡಿ ಮರೆತೂಬಿಟ್ಟಳು. ಸೂಸಮ್ಮನ ಎದೆಯಲ್ಲಿ ಅದು ಮುಳ್ಳು ಮುರಿದಂತೆ ಉಳಿಯಿತು. ಗಂಡನಿಗೆ ತಾನಲ್ಲದೆ ಬೇಕಾದವರು ಯಾರಿದ್ದಾರೆ? ನೇರವಾಗಿ ಚಾಮಯ್ಯನ ಗುಡಿಸಲಿಗೆ ಹೋಗಿ ಕೇಳಿದಳು.

ಚಾಮಯ್ಯ ಪಾಪ, ಮುಗ್ಧ ಮನುಷ್ಯ. "ಬಂಗ್ಲೆ ಆಯಮ್ಮ ಬತ್ತಾರಲ್ಲ ತಾಯಿ, ಬಿಳೀ ಸೀರೆ ಉಟ್ಕಂಡು. ಮಂಡಿ ಊರ್ಕಂಡು ಅಳ್ತಾ ಕೂತ್ಕತಾರೆ. ನಿಮ್ಮ ಪೈಕಿ ಅಂದ್ಕಂಡಿದ್ದೆ."

"ಹೂ ನೆಟ್ಟಿದ್ದೂ ಅವಳೇನಾ?"

"ಅದ ನಾ ಕಾಣೆ ಕಣವ್ವ."

ಕಾಣೆ ಎಂದದ್ದು ಸೂಸಮ್ಮನ ಕಿವಿಗೆ ಬೀಳಲೇ ಇಲ್ಲ. ಬಂಗಲೆಯ ಆಯಾ ಯಾರೆಂದು ಆಕೆಗೆ ಗೊತ್ತಿತ್ತು. ಅಮಲಮೇರಿ. ಪ್ಲೇಗಿನಲ್ಲಿ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡು ಕನ್ಯಾಸ್ತ್ರೀಯರ ಕೈಯಲ್ಲಿ ಬೆಳೆದು, ಈಗ ದೊರೆಸಾನಿಯ ಮಕ್ಕಳನ್ನು ಆಡಿಸಿಕೊಂಡಿದ್ದ ಹುಡುಗಿ. ಸವರಿಮುತ್ತು ಒಂದೆರಡು ಸಲ ಊಟಕ್ಕೆ ಕುಳಿತಾಗ ಆ ಹುಡುಗಿಯ ಹೆಸರು ಎತ್ತಿದ್ದ. ಪಾಪ, ಒಳ್ಳೆ ಹುಡುಗಿ ಅಂದಿದ್ದ. ಆಗಲೇ ಸೂಸಮ್ಮ ಸಾರು ಬಡಿಸುವ ಸೌಟನ್ನು ಅಲ್ಲಿಯೇ ತಡೆದು, ಎಷ್ಟು ಒಳ್ಳೆಯವಳು ಎಂದು ಕೇಳಿದ್ದಳು. ಆಮೇಲೆ ಆತ ಆ ಹೆಸರು ಎತ್ತಲಿಲ್ಲ. ಎತ್ತದೇ ಇದ್ದದ್ದೇ ಈಗ ದೊಡ್ಡ ಸಾಕ್ಷಿಯಾಯಿತು.

ಸಿಟ್ಟಿನಲ್ಲಿ ಸೂಸಮ್ಮ ಮರುದಿನವೇ ಹೋಗಿ ದಿಬ್ಬದ ಮೇಲಿನ ಹೂವನ್ನೆಲ್ಲ ಕಿತ್ತು ಬೇಲಿಯಾಚೆ ಎಸೆದಳು. ದಂಟು ಕೈಗೆ ಬಂತೇ ಹೊರತು ಬೇರು ಬರಲಿಲ್ಲ. ಅಷ್ಟೇ ಸಾಕೆಂದು ಮನೆಗೆ ಬಂದಳು. ವಾರ ಕಳೆಯಿತು, ಇನ್ನೊಂದು ಮಳೆ ಬಿತ್ತು. ಮತ್ತೆ ಹೋಗಿ ನೋಡಿದರೆ ಮೊದಲಿಗಿಂತ ಹೆಚ್ಚು ಹೂ! ಸಂದುಗೊಂದಿನಲ್ಲಿ ಹುಲ್ಲಿನಂಥ ಎಲೆ ಬೇರೆ. ಎಷ್ಟು ಧೈರ್ಯ ಇವಳಿಗೆ, ನಾನು ಕಿತ್ತದ್ದನ್ನು ನೋಡಿಯೂ ಮತ್ತೆ ತಂದು ನೆಟ್ಟಿದ್ದಾಳಲ್ಲ ಎಂದು ಸೂಸಮ್ಮನ ಮೈಯೆಲ್ಲ ಉರಿದುಹೋಯಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ಸೂಸಮ್ಮನಿಗೆ ಕಂಡದ್ದೆಲ್ಲ ತಿಳಿಗುಲಾಬಿ.

ಗಂಡನ ಕಂಬಳಿ ಬಂಗಲೆಯಲ್ಲೇ ಉಳಿದಿದೆ, ಅದನ್ನು ತರಬೇಕು ಎಂಬ ನೆಪ ಮಾಡಿಕೊಂಡು ಹೊರಟಳು. ಬಂಗಲೆಯ ಹಿಂದೆ ಆಳುಗಳ ಸಾಲುಕೋಣೆ. ಅಮಲಮೇರಿಯ ಕೋಣೆಯ ಮೆಟ್ಟಿಲಿನ ಮೇಲೆ ಒಂದು ಮಣ್ಣಿನ ಕುಂಡ. ಅದರಲ್ಲಿ ಹೂವಿರಲಿಲ್ಲ, ಆದರೆ ಹುಲ್ಲಿನಂಥ ಅದೇ ಎಲೆ ಸೊಂಪಾಗಿ ಬೆಳೆದಿತ್ತು. ಸೂಸಮ್ಮ ಒಂದು ಎಲೆಯನ್ನು ಚಿವುಟಿ ಮೂಸಿ ನೋಡಿದಳು. ಗೋರಿಯ ಮೇಲಿನದೇ. ಇನ್ನೇನು ಬೇಕು?

ಅಷ್ಟರಲ್ಲಿ ಅಮಲಮೇರಿಯೇ ಬಂದಳು. ಸೂಸಮ್ಮನನ್ನು ಕಂಡದ್ದೇ ಮುಖ ಅರಳಿತು, ಕಣ್ಣೂ ತುಂಬಿತು.

"ಬನ್ನಿಮ್ಮಾ, ಕೂತ್ಕೊಳ್ಳಿ. ನಾನೇ ನಿಮ್ಮನೆಗೆ ಬರೋಳಿದ್ದೆ."

"ನಿಂಗ್ಯಾಕಮ್ಮ ಕಣ್ಣೀರು? ಗಂಡನ್ನ ಕಳ್ಕೊಂಡೋಳು ನಾನು."

ಹುಡುಗಿ ತಡವರಿಸಿದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನಂಗೆ ಮದುವೆ ಗೊತ್ತಾಗಿದೆಮ್ಮ. ಪ್ರೆಸ್ಸಲ್ಲಿ ಅಚ್ಚು ಜೋಡಿಸ್ತಾರಲ್ಲ, ಸೆಲ್ವರಾಜ್ ಅಂತ, ಅವರ ಜೊತೆ. ಅದಕ್ಕೇ ನಿಮ್ಮ ಹತ್ರ ಒಂದು ಮಾತು ಕೇಳ್ಬೇಕಿತ್ತು. ಹೇಗೆ ಕೇಳೋದು ಅಂತ…"

ಬಂಗಲೆಯ ಒಳಗಿನಿಂದ ದೊರೆಸಾನಿ ಕರೆದ ಸದ್ದಾಯಿತು. ಇನ್ನೊಂದಿನ ಬಂದು ಹೇಳ್ತೀನಿ ಎಂದು ಹುಡುಗಿ ಓಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಳು ಎಂದು ಸೂಸಮ್ಮ ತೀರ್ಮಾನ ಮಾಡಿದಳು. ತನ್ನಿಂದ ಕ್ಷಮೆ ಕೇಳಿ, ಪಾಪ ತೊಳೆದುಕೊಂಡು, ಹಗುರವಾಗಿ ಮದುವೆಯ ಪೀಠ ಹತ್ತುವ ಯೋಚನೆ! ಬಂದ ನೆಪವನ್ನು ಮರೆತು, ಕಂಬಳಿಯನ್ನು ಅಲ್ಲೇ ಬಿಟ್ಟು ಮನೆಗೆ ಬಂದಳು.

ಕ್ರಿಸ್ತುವರಲ್ಲಿ ಮದುವೆ ಎಂದರೆ ಮೂರು ಭಾನುವಾರ ಚರ್ಚಿನಲ್ಲಿ ಗಂಡುಹೆಣ್ಣಿನ ಹೆಸರು ಕೂಗಬೇಕು. ಈ ಮದುವೆಗೆ ಏನಾದರೂ ಅಡ್ಡಿ ಗೊತ್ತಿದ್ದವರು ಬಂದು ತಿಳಿಸುವುದು ಅವರ ಕರ್ತವ್ಯ ಎಂದು ಪಾದ್ರಿಗಳು ಎಲ್ಲರೆದುರು ಹೇಳಬೇಕು. ಮೊದಲ ಭಾನುವಾರ ಹೆಸರು ಕೂಗಿದಾಗ ಸೂಸಮ್ಮ ಜಪಮಾಲೆಯ ಮಣಿಯನ್ನು ಬಿಗಿ ಹಿಡಿದುಕೊಂಡು ಕುಳಿತಳು. ಎರಡನೇ ಭಾನುವಾರ ಪೂಜೆ ಮುಗಿದದ್ದೇ ತಡ, ಎದ್ದು ಪಾದ್ರಿಗಳ ಕೋಣೆಗೆ ಹೋದಳು.

ಪಾದ್ರಿಗಳು ಫ್ರಾನ್ಸ್ ದೇಶದವರು. ಪುಸ್ತಕದ ಕನ್ನಡವನ್ನು ಅಳೆದು ತೂಗಿ ಆಡುತ್ತಿದ್ದರು. ಸೂಸಮ್ಮ ಹೇಳಿದ್ದನ್ನೆಲ್ಲ ಕೇಳಿ ಗಡ್ಡ ಸವರಿಕೊಂಡರು.

"ನೀವು ಕಣ್ಣಾರೆ ಕಂಡದ್ದು ಏನು, ಸೂಸಮ್ಮ?"

"ಹೂವು ಕಂಡೆ ಸ್ವಾಮಿ."

"ಹೂವು ವಿವಾಹಕ್ಕೆ ಅಡ್ಡಿಯಾಗುವುದಿಲ್ಲ."

"ಬರೀ ಹೂವಲ್ಲ ಸ್ವಾಮಿ. ಕಿತ್ತ ಮೇಲೂ ತಂದು ನೆಟ್ಟವ್ಳೆ. ಯಾರಿಗಾದ್ರೂ ಸುಮ್ನೆ ಅಷ್ಟು ಅಕ್ಕರೆ ಬರ್ತದಾ? ಕೂತು ಅಳ್ತಾಳಂತೆ, ಕಾವಲುಗಾರನ್ನೇ ಕೇಳಿ. ಅವಳ ಬಾಗಿಲಲ್ಲೂ ಅದೇ ಗಿಡ ಐತೆ. ನಮ್ಮ ಯಜಮಾನ್ರಿಗೂ ಅವಳಿಗೂ ಸಂಬಂಧ ಇತ್ತು. ಅದು ಗೊತ್ತಿದ್ದೂ ನಾನು ಬಾಯಿ ಮುಚ್ಕೊಂಡಿದ್ರೆ ಪಾಪ ನಂಗೂ ಸುತ್ಕೊಳ್ಳಲ್ವಾ?"

ಪಾದ್ರಿಗಳು ನಿಟ್ಟುಸಿರು ಬಿಟ್ಟರು. ಹುಡುಗಿಯನ್ನು ಕರೆಸಿ ವಿಚಾರಿಸುವುದಾಗಿ ಹೇಳಿದರು, ಅಲ್ಲಿಯವರೆಗೆ ಇದನ್ನು ಹೊರಗೆ ಆಡಬಾರದು ಎಂದೂ ಎಚ್ಚರಿಸಿದರು. ಸೂಸಮ್ಮ ತಲೆಯಾಡಿಸಿ ಹೊರಗೆ ಬಂದಳು. ಮೆಟ್ಟಿಲ ಮೇಲೆ ಜ್ಞಾನಮ್ಮ ಕಾಯುತ್ತಿದ್ದಳು. ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡೇ ಸೂಸಮ್ಮ ಎಲ್ಲವನ್ನೂ ಹೇಳಿದಳು. ಜ್ಞಾನಮ್ಮನೂ ಅದೇ ರೀತಿ ಆಣೆ ಹಾಕಿಸಿಕೊಂಡೇ ಇನ್ನೊಬ್ಬಳಿಗೆ ಹೇಳಿದಳು. ಹೀಗೆ ಆಣೆಗಳ ಮೇಲೆ ಆಣೆ ಬಿದ್ದು, ಸುದ್ದಿ ಸಂಜೆಯೊಳಗೆ ಪ್ರೆಸ್ಸಿನ ಸೆಲ್ವರಾಜನ ಮನೆ ಮುಟ್ಟಿತು.

ಮೂರನೇ ಭಾನುವಾರ ಹೆಸರು ಕೂಗಲಿಲ್ಲ.

ಚರ್ಚಿನಲ್ಲಿ ಪಿಸುಪಿಸು ಎದ್ದಿತು. ಅಮಲಮೇರಿ ಯಾವಾಗಲೂ ಕೂರುತ್ತಿದ್ದ ಜಾಗ ಖಾಲಿಯಿತ್ತು. ಕಳ್ಳತನವನ್ನು ಹಿಡಿದುಕೊಟ್ಟವಳ ಸಮಾಧಾನ ಬರುತ್ತದೆ ಎಂದುಕೊಂಡಿದ್ದಳು ಸೂಸಮ್ಮ. ಬರಲಿಲ್ಲ. ಸತ್ತವನ ಮೇಲೆ ಜಗಳ ಕಾಯುವುದು ಎಷ್ಟು ಕಷ್ಟ! ಬೈದರೆ ತಿರುಗಿ ಮಾತಿಲ್ಲ, ಕೇಳಿದರೆ ಉತ್ತರವಿಲ್ಲ. ಗೋರಿಗೆ ಹೋಗುವುದನ್ನೇ ಬಿಟ್ಟಳು. ತಾನು ಸತ್ತರೆ ಆ ಗೋರಿಯ ಪಕ್ಕದಲ್ಲಿ ಮಣ್ಣು ಮಾಡಬೇಡಿ, ಬೇರೆ ಕಡೆ ಮಾಡಿ ಎಂದು ಜ್ಞಾನಮ್ಮನಿಗೆ ಹೇಳಿಯೂ ಇಟ್ಟಳು.

ಜೂನಿನ ಮಳೆಗೆ ಮುಂಚೆ ಸೌದೆ ನೆನೆಯದಿರಲಿ ಎಂದು, ಹಿತ್ತಲ ಮೂಲೆಯಲ್ಲಿದ್ದ ಸೌದೆಯನ್ನೆಲ್ಲ ಹೊತ್ತು ಅಡಿಗೆಮನೆಯ ಅಟ್ಟಕ್ಕೆ ಹಾಕಿದಳು. ಅದರ ಮೇಲೆ ಎಡೆಬಿಡದೆ ಮಳೆ ಹಿಡಿಯಿತು. ಮಳೆ ಬಿಟ್ಟು ಬಿಸಿಲು ಕಂಡ ಬೆಳಗ್ಗೆ ಹಿತ್ತಲ ಬಾಗಿಲು ತೆರೆದರೆ, ಸೌದೆ ಇದ್ದ ಜಾಗದಲ್ಲಿ ಅದೇ ತಿಳಿಗುಲಾಬಿ ಹೂ, ಸಾಲಾಗಿ!

ಮೊದಲು ಆಕೆಗೆ ಹೊಳೆದದ್ದು ಏನು ಗೊತ್ತೇ? ಆ ಹುಡುಗಿ ತನ್ನ ಹಿತ್ತಲಿಗೂ ನುಗ್ಗಿದಳು ಎಂದು. ಮದುವೆ ನಿಂತ ಹಗೆಗೆ, ಬೇಕೆಂದೇ, ಗೋರಿಯ ಹೂವನ್ನು ತಂದು ಮನೆಯಲ್ಲಿ ನೆಟ್ಟು ಹಂಗಿಸಿದ್ದಾಳೆ ಎಂದು. ಸೂಸಮ್ಮ ಸೆರಗು ಸಿಕ್ಕಿಸಿಕೊಂಡು ಬೀದಿಯ ಕೊನೆಗೆ ನಡೆದಳು. ಅಲ್ಲಿ ಮಹದೇವುವಿನ ಮನೆ. ಸವರಿಮುತ್ತುವಿನ ಜೊತೆಯಲ್ಲೇ ಬಂಗಲೆಯ ತೋಟದಲ್ಲಿ ಕೆಲಸ ಮಾಡುತ್ತಿದ್ದವನು, ವರುಣ ಗ್ರಾಮದ ಕಡೆಯ ಒಕ್ಕಲು ಮನೆತನದವನು, ಸಾಕ್ಷಿ ಹೇಳಿದರೆ ಊರು ನಂಬುವಂಥ ಮನುಷ್ಯ. ಆತನನ್ನು ಎಳೆದುಕೊಂಡೇ ಬಂದಳು.

"ನೋಡು ಮಹದೇವು, ನಿನ್ನ ಕಣ್ಣಾರೆ ನೋಡು. ನಾಳೆ ಪಾದ್ರಿಗಳ ಮುಂದೆ ನೀನು ಹೇಳ್ಬೇಕು. ಅವಳು ನಮ್ಮನೆ ಹಿತ್ತಲಿಗೇ ಬಂದು ನೆಟ್ಟೋಗವ್ಳೆ."

ಮಹದೇವು ಹೂವನ್ನು ನೋಡಿದವನು ನಕ್ಕ. ಆಮೇಲೆ ಕಣ್ಣೊರೆಸಿಕೊಂಡ.

"ಎದ್ದೇಬುಟ್ವಲ್ಲ ಅತ್ಗೆ! ಇದ ನೋಡಕೆ ಅಣ್ಣ ಇಲ್ವಲ್ಲ."

"ಯಾವ ಅಣ್ಣ?"

"ನಮ್ ಸವರಣ್ಣನೇ ಕಣತ್ಗೆ. ಇವು ಮಳೆ ಹೂವು. ದೊರೆಸಾನಿ ಹಡಗಿನಲ್ಲಿ ತರಿಸಿದ್ ಗೆಡ್ಡೆ. ನಾವು ದಿನಾ ನೀರು ಉಯ್ದು ಉಯ್ದು ಸಾಕಿದೋ, ಬರೀ ಎಲೆ. ಒಂದು ಊವಿಲ್ಲ. ಉಲ್ಲು ಬೆಳ್ಸಕೆ ನಿಮ್ಗೆ ಸಂಬಳನಾ ಅಂತ ಬೈದು, ಕಿತ್ತಾಕಿ ಅಂದ್ಬುಟ್ರು. ಆಯಾ ಅಮಲಮೇರಿ ಒಂದ್ ಕುಂಡಕ್ಕೆ ಒಸಿ ಇಟ್ಕಂಡ್ರು. ಮಿಕ್ಕಿದ್ದ ಅಣ್ಣ ಜೇಬಿಗೆ ತುಂಬ್ಕಂಡ. ದೊರೆಸಾನೀನೇ ಒಂದಿನ ಅಂದಿದ್ರು, ಇದು ತೋಟದ್ದಲ್ಲ, ಸಮುದ್ರದಾಚೆ ಯಾವ್ದೋ ಬಯಲು ಉಲ್ಲುಗಾವಲಿಂದು, ಅಲ್ಲಿ ತಿಂಗಳಾನುಗಟ್ಲೆ ಒಣಗಿ ಬಿದ್ದಿರ್ತದೆ, ಮಳೆ ಬಿದ್ರೆ ಒಂದೇ ಸಲ ಏಳ್ತದೆ ಅಂತ. ಅದ್ಕೇ ಅಣ್ಣ ಅಂದ, ಇದ್ಕೆ ಉಪಚಾರ ಮಾಡಿದ್ದೇ ತಪ್ಪು ಕಣ್ಲಾ, ಯಾರೂ ನೀರಾಕ್ದೆ ಇರೋ ಕಡೆ ಊತಾಕಿ ಸುಮ್ಕಿರಬೇಕು ಅಂತ. ಇಲ್ಲೇ, ಸೌದೆ ಸರಿಸಿ ಅಗೆದು ಸಾಲಾಗಿ ಊತ, ಸಾಲಿನ ಕೊನೆ ಬುಟ್ಟು ಮಿಕ್ಕಿದ್ದರ ಮೇಲೆ ಮತ್ತೆ ಸೌದೆ ಒಟ್ಟಿದ. ಸಾಯೋಕೆ ಒಂದ್ ವಾರ ಮುಂಚೆ. ನಿಮ್ ಅತ್ಗೆ ಚರ್ಚಿಗೆ ಓಗವ್ಳೆ, ಬೇಗ ಮುಗ್ಸಾನ ಅಂದ, ನಾನೂ ಕೈ ಆಕಿದ್ದೆ."

ಸೂಸಮ್ಮ ಹೂವಿನ ಸಾಲನ್ನು ನೋಡಿದಳು. ಸಾಲು ಮುಗಿಯುವಲ್ಲಿ ತಾನು ಮಣ್ಣು ತೆಗೆದ ಗುಂಡಿ ಇತ್ತು. ಮೆತ್ತಗಿದೆ ಎಂದು ಅಲ್ಲೇ ಅಗೆದಿದ್ದಳು. ಮೆತ್ತಗೆ ಏಕಿದೆ ಎಂದು, ಎಲ್ಲವನ್ನೂ ಕೇಳುವ ತಾನು, ಅದೊಂದನ್ನು ಕೇಳಿರಲಿಲ್ಲ. ಮಂಕರಿಯಲ್ಲಿ ಗೆಡ್ಡೆಗಳನ್ನು ಹೊತ್ತುಕೊಂಡು ಹೋಗಿ ಗಂಡನ ಗೋರಿಗೆ ಸುರಿದವಳು ತಾನೇ. ತನಗೆಂದು ಬಂದ ಹೂವನ್ನು ಬೇಲಿಯಾಚೆ ಎಸೆದದ್ದು ಹೋಗಲಿ, ಹೂ ಮತ್ತೆ ಎದ್ದು ಬಂದಿತ್ತು. ಆ ಹುಡುಗಿಯ ಹೆಸರು ಮತ್ತೆ ಏಳುತ್ತದೆಯೇ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮಹದೇವುವನ್ನು ಅಲ್ಲೇ ಬಿಟ್ಟು ಕೆಸರಿನಲ್ಲಿ ನಡೆದೇ ನಜರಬಾದಿಗೆ ಹೋದಳು. ಅಮಲಮೇರಿ ತನ್ನ ಕೋಣೆಯಲ್ಲಿ ತಗಡಿನ ಪೆಟ್ಟಿಗೆಗೆ ಬಟ್ಟೆ ಮಡಿಸಿಡುತ್ತಿದ್ದಳು. ದೊರೆಗೆ ಮದರಾಸಿಗೆ ವರ್ಗವಾಗಿತ್ತು, ಅವರ ಮಕ್ಕಳ ಜೊತೆ ಅವಳೂ ಹೊರಟಿದ್ದಳು. ಸೂಸಮ್ಮನನ್ನು ನೋಡಿ ಎದ್ದು ನಿಂತಳು. ಈ ಸಲ ಮುಖ ಅರಳಲಿಲ್ಲ.

ಸೂಸಮ್ಮ ಹೊಸ್ತಿಲಲ್ಲೇ ನಿಂತು ಒಂದೇ ಉಸಿರಿಗೆ ಹೇಳಿದಳು. ಮಣ್ಣಿನ ಮಾತು, ಗೆಡ್ಡೆಯ ಮಾತು, ಮಂಕರಿಯ ಮಾತು. "ತಪ್ಪಾಯ್ತು ಕಣಮ್ಮ. ದೊಡ್ಡ ತಪ್ಪಾಯ್ತು. ಈಗ್ಲೇ ಪಾದ್ರಿಗಳ ಹತ್ರ ಹೋಗ್ತೀನಿ. ಸೆಲ್ವರಾಜನ ಮನೆಗೂ ಹೋಗ್ತೀನಿ. ಅವರ ತಾಯಿ ಕಾಲಿಗೆ ಬೇಕಾದ್ರೂ ಬೀಳ್ತೀನಿ. ನಿನ್ನ ಮದುವೆ ನಾನು ಮಾಡಿಸ್ತೀನಿ."

"ಬೇಡಿಮ್ಮ," ಎಂದಳು ಅಮಲಮೇರಿ. "ಮದುವೆ ಬೇಡ ಅಂದಿದ್ದು ಅವರಲ್ಲ. ನಾನೇ."

"ಯಾಕಮ್ಮಾ?"

"ಪಾದ್ರಿಗಳು ಕೇಳಿದ್ರು, ಇಲ್ಲ ಅಂದೆ. ಅವರು ನಂಬಿದ್ರು, ಮುಂದಿನ ವಾರ ಹೆಸರು ಕೂಗ್ತೀನಿ ಅಂದ್ರು. ಸೆಲ್ವರಾಜ್ ಬಂದು, ನೀವು ನಿಂತಿದೀರಲ್ಲ, ಅಲ್ಲೇ ನಿಂತು ಕೇಳಿದ್ರು, ಏನಾದ್ರೂ ಇತ್ತಾ ಅಂತ. ಇಲ್ಲ ಅಂದೆ. ನಂಬಿದೀನಿ ಅಂದ್ರು. ಮಾರನೇ ದಿನ ಬಂದು ಮತ್ತೆ ಅದನ್ನೇ ಕೇಳಿದ್ರು. ಅದರ ಮಾರನೇ ದಿನ ಇನ್ನೊಂದು ರೀತಿ ಕೇಳಿದ್ರು. ಈ ಮನುಷ್ಯ ಸಾಯೋವರೆಗೂ ಕೇಳ್ತಾನೇ ಇರ್ತಾರೆ ಅನ್ನಿಸ್ತು. ಬೇಡ ಅಂದ್ಬುಟ್ಟೆ."

ಹೊಡೆದಿದ್ದರೆ ಚೆನ್ನಾಗಿತ್ತು, ಬೈದಿದ್ದರೂ ಚೆನ್ನಾಗಿತ್ತು ಎನಿಸಿತು ಸೂಸಮ್ಮನಿಗೆ. ಹುಡುಗಿ ಎರಡನ್ನೂ ಮಾಡಲಿಲ್ಲ, ಒಂದು ರವಿಕೆಯನ್ನು ಮಡಿಸಿ ಪೆಟ್ಟಿಗೆಗೆ ಇಟ್ಟಳು.

"ಆವತ್ತು ನಿಮ್ಮನ್ನ ಕೇಳ್ಬೇಕು ಅಂದಿದ್ದು ಇಷ್ಟೇ. ಮದುವೇಲಿ ತಂದೆ ಜಾಗದಲ್ಲಿ ನಿಂತ್ಕೋತೀನಿ ಅಂತ ಸವರಪ್ಪ ಮಾತು ಕೊಟ್ಟಿದ್ರು. ಅವರು ಹೋದ್ಮೇಲೆ, ತಾಯಿ ಜಾಗದಲ್ಲಿ ನೀವಾದ್ರೂ ನಿಲ್ತೀರಾ ಅಂತ. ಅವರ ಗೋರಿ ಹತ್ರ ಕೂತು ಅದನ್ನೇ ಹೇಳ್ಕೊಂಡು ಅಳ್ತಿದ್ದೆ. ನಂಗೆ ಬೇರೆ ಯಾರಿದಾರೆ ಹೇಳಿ."

ಸೂಸಮ್ಮ ಗೊಳೋ ಎಂದು ಅತ್ತುಬಿಟ್ಟಳು. ಗಂಡ ಸತ್ತಾಗಲೂ ಹಾಗೆ ಅತ್ತಿರಲಿಲ್ಲ. ಅಳು ಸ್ವಲ್ಪ ತಗ್ಗಿದ ಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡಳು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವುದು ಸುಳ್ಳಲ್ಲ. ಆ ಸ್ಥಿತಿಯಲ್ಲೂ ಆಕೆಯ ಬಾಯಿಂದ ಒಂದು ಪ್ರಶ್ನೆ ಬಂದೇ ಬಂತು.

"ಮದುವೆ ಮಾತು ನಿಂಗೆ ಹೇಳಿದ್ರು. ಗೆಡ್ಡೆ ಮಾತು ಮಹದೇವುಗೆ ಗೊತ್ತಿತ್ತು. ನಂಗ್ಯಾಕೆ ಒಂದು ಮಾತೂ ಹೇಳ್ಲಿಲ್ಲ ಆ ಮನುಷ್ಯ?"

ಅಮಲಮೇರಿ ಕೈಯ ಕೆಲಸ ನಿಲ್ಲಿಸಿ ಅವಳ ಮುಖ ನೋಡಿದಳು. ಹೇಳಲೋ ಬೇಡವೋ ಎಂದು ಯೋಚಿಸುವಂತೆ ಕಂಡಿತು.

"ಗೆಡ್ಡೆ ಜೇಬಿಗೆ ಹಾಕ್ಕೊಂಡಾಗ ನಾನೇ ಅಂದಿದ್ದೆ, ಹೂ ಬಿಟ್ಟ ಮೇಲೆ ಕಿತ್ತು ನಿಮ್ಮ ಕೈಯಾರೆ ಅಮ್ಮನಿಗೆ ಕೊಡಿ, ಖುಷಿ ಪಡ್ತಾರೆ ಅಂತ. ಅದಕ್ಕೆ ಸವರಪ್ಪ ನಕ್ಕರು. ಕೈಯಾರೆ ಕೊಟ್ರೆ, ಯಾರಿಗೆ ಕೊಟ್ಟು ಮಿಕ್ಕಿದ್ದು ಇದು ಅಂತ ಕೇಳ್ತಾಳೆ ಕಣಮ್ಮ. ತಾನಾಗೇ ನೆಲದಿಂದ ಎದ್ದು ಬಂದ್ರೆ ಯಾರ ಮೇಲೆ ಅಂತ ಅನುಮಾನ ಪಡ್ತಾಳೆ ಹೇಳು, ಅಂದ್ರು."

ಸೂಸಮ್ಮ ಹೊಸ್ತಿಲ ಮೇಲೆ ಕುಳಿತುಕೊಂಡಳು. ಅಮಲಮೇರಿ ಉಳಿದ ಬಟ್ಟೆಗಳನ್ನು ಇಟ್ಟು ಪೆಟ್ಟಿಗೆಯ ಮುಚ್ಚಳ ಹಾಕಿದಳು.